ನಮ್ಮ ಹುಡುಗ, ನಿಮ್ಮ ಹುಡುಗ

ಉಳಿದ ಹುಳಿಯನ್ನು ಯಾರು ತಿನ್ನಬೇಕು ಎಂಬ ಪ್ರಶ್ನೆ ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆಯ ಆ ಮನೆಯಲ್ಲಿ ಎರಡು ವರ್ಷದಿಂದ ಇತ್ಯರ್ಥವಾಗದೆ ಉಳಿದಿತ್ತು. ಪದ್ಮಿನಿಗೆ ಅಳತೆ ಮಾಡಿ ಅಡುಗೆ ಮಾಡಲು ಬರುವುದಿಲ್ಲ. ಮೈಸೂರಿನ ತುಂಬಿದ ಮನೆಯಲ್ಲಿ ಹುಟ್ಟಿ ಬೆಳೆದವಳ ಕೈ ಅದು. ಬೇಳೆ ಡಬ್ಬಿಗೆ ಇಳಿದರೆ ತುಂಬಿಕೊಂಡೇ ಮೇಲೆ ಬರುತ್ತದೆ. ಆದರೆ ತಿನ್ನುವವರೆಲ್ಲಿ? ಮಗಳು ಸ್ಪಂದನಾ ಗ್ರೋನಿಂಗನ್‌ನಲ್ಲಿ ಓದುತ್ತಾಳೆ. ತಿಂಗಳಿಗೊಮ್ಮೆ ಬಂದರೂ ಬಾಗಿಲಲ್ಲೇ, "ಅಮ್ಮಾ, ಐ ಏಟ್ ಆನ್ ದ ಟ್ರೇನ್," ಎಂದು ಘೋಷಿಸಿ ಒಳಗೆ ಬರುತ್ತಾಳೆ. ಗಂಡ ದಿವಾಕರನಿಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬರಬಹುದು ಎಂದು ಡಾಕ್ಟರು ಅಂದದ್ದೇ ತಡ, ಆತ ಊಟದ ವಿಷಯದಲ್ಲಿ ಸನ್ಯಾಸಾಶ್ರಮ ಸ್ವೀಕರಿಸಿಬಿಟ್ಟ.

"ಇನ್ನೊಂದ್ ಸ್ವಲ್ಪ ಅನ್ನ?"

"ಬೇಡ ಕಣೆ."

"ಪಲ್ಯನಾದ್ರೂ?"

"ಪದ್ಮಾ, ಬೇಡ ಅಂದ್ನಲ್ಲ. ನನ್ನನ್ನ ಸಾಯಿಸ್ಬೇಕು ಅಂತಿದೀಯಾ?"

ಒಂದು ಸೌಟು ಪಲ್ಯದಿಂದ ಗಂಡನ ಕೊಲೆಯಾಗುವುದಾದರೆ ಎಂದೋ ಆಗಬೇಕಿತ್ತು ಎಂದು ಪದ್ಮಿನಿ ಮನಸ್ಸಿನಲ್ಲೇ ಅಂದುಕೊಂಡು ಪಾತ್ರೆಗಳನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಬಂಗಾರವಲ್ಲ, ಸೀರೆಯಲ್ಲ, ಪ್ಯಾರಿಸ್ ಪ್ರವಾಸವೂ ಅಲ್ಲ. (ಪ್ಯಾರಿಸ್ ನೋಡಿಯಾಗಿತ್ತು, ಕಾಫಿ ಚೆನ್ನಾಗಿರಲಿಲ್ಲ.) ಬಡಿಸಿದ್ದನ್ನು ತಿಂದು ಮುಗಿಸಿ, ತಲೆ ಎತ್ತಿ, ಇನ್ನೂ ಇದೆಯಾ ಎಂದು ಕೇಳುವ ಒಂದೇ ಒಂದು ಬಾಯಿ ಬೇಕಾಗಿತ್ತು. ಹೀಗೆ ಹೇಳಿಕೊಂಡರೆ ಜನ ನಗುತ್ತಾರೆಂದು ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಸಂಜೆ ಒಗ್ಗರಣೆ ಹಾಕುವ ಹೊತ್ತಿಗೆ ಎದೆಯೊಳಗೆ ಏನೋ ಖಾಲಿಖಾಲಿಯಾಗಿ, ಸಾಸಿವೆ ಸಿಡಿಯುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು.

ಇಂಥ ಶುಭಗಳಿಗೆಯಲ್ಲಿ ಪಕ್ಕದ ಬೀದಿಯ ಮರೈಕೆ ಬಂದಳು. ಮರೈಕೆ ನಿವೃತ್ತ ಶಾಲಾ ಟೀಚರು, ಊರಿನ ಬೇಸ್‌ಬಾಲ್ ಕ್ಲಬ್ಬಿನ ಸಕಲ ಕಾರ್ಯಗಳಿಗೂ ಅವಳೇ ದಿಕ್ಕು. ಮುಂಚೆಯೇ ಹೇಳಿ, ಹೇಳಿದ ಹೊತ್ತಿಗೇ ಬಂದು, ಕಾಫಿ ಕುಡಿಯುತ್ತ ಅವಳು ವಿವರಿಸಿದ್ದು ಇಷ್ಟು: ರಾಟರ್‌ಡ್ಯಾಮಿನಲ್ಲಿ ಒಂದು ದೊಡ್ಡ ತಂಡವಿದೆ. ಅವರು ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ಎಲ್ಲೆಲ್ಲಿಂದಲೋ ಆರಿಸಿ ತರುತ್ತಾರೆ. ತಂದವರನ್ನು ನೇರವಾಗಿ ಮೈದಾನಕ್ಕೆ ಬಿಡುವುದಿಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟ ಹಾಗೆ ಎನ್ಸ್‌ಕೆಡೆಯ ಕಿರಿಯ ತಂಡದಲ್ಲಿ ಆಡಿಸುತ್ತಾರೆ. ಯಾರು ಮೊದಲು ಹಣ್ಣಾಗುತ್ತಾರೋ ಅವರನ್ನು ಮೇಲಿನ ತಂಡಕ್ಕೆ ಕರೆಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಒಬ್ಬೊಬ್ಬ ಹುಡುಗನಿಗೆ ಇರಲು ಒಂದೊಂದು ಮನೆ ಬೇಕು.

"ಒಂದೇ ತೊಂದರೆ," ಎಂದಳು ಮರೈಕೆ ಇಂಗ್ಲಿಷಿನಲ್ಲಿ. "ಈ ಹುಡುಗರು ತುಂಬಾ ತಿಂತಾರೆ."

"ತುಂಬಾ ಅಂದ್ರೆ?"

"ಭಯ ಆಗುವಷ್ಟು."

ಆಮೇಲೆ ಮರೈಕೆ ನಿಯಮಗಳನ್ನೆಲ್ಲ ಹೇಳಿದಳು. ಬಟ್ಟೆ ಯಾರು ಒಗೆಯಬೇಕು, ಎಷ್ಟು ದಿನ ಇರುತ್ತಾರೆ, ಮೇಲೆ ಹೋದರೆ ಏನಾಗುತ್ತದೆ, ಎಲ್ಲ. ಪದ್ಮಿನಿ ತಲೆಯಾಡಿಸುತ್ತಿದ್ದಳು. ಆದರೆ ಅವಳ ಮನಸ್ಸು ಆಗಲೇ ಉಗ್ರಾಣಕ್ಕೆ ಹೋಗಿ ಉದ್ದಿನಬೇಳೆ ನೆನೆಹಾಕುತ್ತಿತ್ತು.

"ನನ್ನನ್ನ ಕೇಳದೇ ಒಪ್ಕೊಂಡ್ಬಿಟ್ಯಾ?" ಎಂದ ದಿವಾಕರ ಸಂಜೆ.

"ಕೇಳಿದ್ರೆ ಬೇಡ ಅಂತಿದ್ರಿ."

"ಖಂಡಿತ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಹೀಗೆ ಏಪ್ರಿಲ್ ತಿಂಗಳ ಆಲಿಕಲ್ಲು ಮಳೆಯಲ್ಲಿ, ತೆಳ್ಳನೆಯ ಜಾಕೆಟ್ಟು ತೊಟ್ಟು, ಹಲ್ಲು ಕಟಕಟಿಸುತ್ತ ರುಬೆನ್ ಬಂದಿಳಿದ. ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದವನು, ಹತ್ತೊಂಬತ್ತು ವರ್ಷ, ಕಡ್ಡಿಯ ಹಾಗೆ ಉದ್ದ. ಬಂದವನೇ ನಡುಮನೆಯ ಹೀಟರಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಪದ್ಮಿನಿ ದಿವಾಕರನ ಮಂಗನ ಟೋಪಿಯನ್ನು ತಂದು ಅವನ ತಲೆಗೆ ಹಾಕಿ ಊಟಕ್ಕೆ ಕೂರಿಸಿದಳು. ಹುಳಿಯನ್ನ, ಹುರುಳಿಕಾಯಿ ಪಲ್ಯ, ಹಪ್ಪಳ. ಹುಡುಗ ಮೊದಲ ಚಮಚ ಅನುಮಾನದಿಂದ ತಿಂದ, ಎರಡನೆಯದನ್ನು ಯೋಚಿಸುತ್ತ ತಿಂದ, ಆಮೇಲೆ ಯೋಚನೆ ಬಿಟ್ಟ. ತಟ್ಟೆ ಖಾಲಿಯಾದಾಗ ತಲೆ ಎತ್ತಿ, ಪಾತ್ರೆಯ ಕಡೆ ನೋಡಿ, ನಾಚುತ್ತ ಕೇಳಿದ: "ಇನ್ನೂ ಇದೆಯಾ, ಆಂಟಿ?"

ಪದ್ಮಿನಿ ಒಲೆಯ ಕಡೆ ತಿರುಗಿಕೊಂಡಳು. ಒಗ್ಗರಣೆಯ ಘಾಟು ಎಂದು ಆಮೇಲೆ ಗಂಡನಿಗೆ ಸಮಜಾಯಿಷಿ ಕೊಟ್ಟಳು. ಒಲೆ ಆರಿ ಅರ್ಧ ಗಂಟೆಯಾಗಿತ್ತು.

ಒಂದೇ ಒಂದು ಐಬು ಅವಳ ಕಣ್ಣಿಗೆ ಬಿತ್ತು: ಹುಡುಗ ಎಡಗೈಯಲ್ಲಿ ಊಟ ಮಾಡುತ್ತಿದ್ದ.

"ರೀ, ಎಡಚ ಕಣ್ರೀ. ನಾಳೆಯಿಂದ ಬಲಗೈ ಅಭ್ಯಾಸ ಮಾಡಿಸ್ಬೇಕು."

ದಿವಾಕರ ಕುರ್ಚಿಯಿಂದ ಎದ್ದೇಬಿಟ್ಟ. ಹುಡುಗನಾಗಿದ್ದಾಗ ಮೈಸೂರಿನ ಮೈದಾನಗಳಲ್ಲಿ ಕ್ರಿಕೆಟ್ ಆಡಿದವನು. "ಎಡಗೈ ಬೌಲರ್ ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ? ಅಪರಂಜಿ! ಅದನ್ನ ಮಾತ್ರ ಮುಟ್ಬೇಡ!"

"ಆಡೋ ಕೈ ಆಡ್ಲಿ. ತಿನ್ನೋ ಕೈ ಬೇರೆ ಇರ್ಲಿ," ಎಂದು ಪದ್ಮಿನಿ ತೀರ್ಪು ಕೊಟ್ಟಳು. ರುಬೆನ್ ತಕರಾರೆತ್ತಲಿಲ್ಲ, ಎಡಗೈಗೆ ವಿಶ್ರಾಂತಿ ಸಿಗುತ್ತದೆಂದು ಭಾವಿಸಿ ಬಲಗೈಯಲ್ಲೇ ಅನ್ನ ಕಲಸುವುದನ್ನು ಕಲಿತ. ಎಡಗೈಯೋ, ಆ ಮನೆಯಲ್ಲಿ ದೇವರ ವಿಗ್ರಹದ ಪದವಿ ಪಡೆಯಿತು. ಆ ಕೈಯಿಂದ ಸಾಮಾನಿನ ಚೀಲ ಎತ್ತುವಂತಿಲ್ಲ, ಕುಕ್ಕರಿನ ಮುಚ್ಚಳ ಮುಟ್ಟುವಂತಿಲ್ಲ. ದಿನಾ ಸಂಜೆ ಅದಕ್ಕೆ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಜನ.

ಗ್ರೋನಿಂಗನ್‌ನಿಂದ ಫೋನ್ ಬಂತು. "ಅಮ್ಮಾ! ಯೂ ಗೇವ್ ಹಿಮ್ ಮೈ ರೂಮ್?"

"ನೀನು ಹೇಗೂ ಟ್ರೇನಲ್ಲೇ ಊಟ ಮಾಡ್ತೀಯ. ಅಲ್ಲೇ ಮಲಕ್ಕೋ," ಎಂದಳು ಪದ್ಮಿನಿ, ಇನ್ನೊಂದು ಕೈಯಲ್ಲಿ ದೋಸೆ ಹುಯ್ಯುತ್ತ.

ಮೊದಲ ಪಂದ್ಯಕ್ಕೆ ಗಂಡಹೆಂಡತಿ ಇಬ್ಬರೂ ಹೋದರು. ಈ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ರುಬೆನ್ ನಿಂತಲ್ಲೇ ಕಾಲೆತ್ತಿ, ಮೈ ತಿರುಚಿ, ಮೊಣಕೈ ಮಡಿಸಿ ಬೀಸಿದ ಕೂಡಲೇ ದಿವಾಕರನ ರಕ್ತದಲ್ಲಿದ್ದ ಕ್ರಿಕೆಟ್ಟು ಕುದಿಯಿತು.

"ಚಕಿಂಗ್! ಮೊಣಕೈ ಬಗ್ಗಿಸ್ತಿದಾನೆ! ಅಂಪೈರ್, ನೋ ಬಾಲ್!"

ಮೈದಾನವೆಲ್ಲ ಇತ್ತ ತಿರುಗಿತು. ತನ್ನದೇ ಮನೆಯ ಹುಡುಗನ ಮೇಲೆ ಹೀಗೆ ದೂರು ಹೇಳುವ ಪ್ರೇಕ್ಷಕನನ್ನು ಡಚ್ಚರು ಕಂಡಿರಲಿಲ್ಲ. ಆಗ ಹಿಂದಿನ ಸಾಲಿನಿಂದ ಒಂದು ಕೈ ದಿವಾಕರನ ಭುಜ ಹಿಡಿದು ಕೂರಿಸಿತು. "ಕೂಡ್ರಿ ಸಾಹೇಬ್ರ. ಇಲ್ಲಿ ಎಲ್ಲಾರೂ ಹಂಗ ಎಸೀತಾರ. ಈ ಆಟಾನ ಹಂಗೈತಿ."

ಆ ಕೈಯ ಒಡೆಯ ಬಸವಲಿಂಗಪ್ಪ, ಊರು ಹುಬ್ಬಳ್ಳಿ, ಇಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ. ಪಕ್ಕದಲ್ಲಿದ್ದವರು ಅವರ ಹೆಂಡತಿ ಜಲಜಾಕ್ಷಿ. ಮಕ್ಕಳಿಲ್ಲದ ಮನೆ. ಅವರ ಮನೆಯಲ್ಲೂ ಕ್ಲಬ್ಬಿನ ಒಬ್ಬ ಹುಡುಗನಿದ್ದ, ಸ್ಯಾಂಡರ್ ಎಂದು. ಫ್ರೀಸ್‌ಲ್ಯಾಂಡಿನ ರೈತರ ಮಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಜಲಜಾಕ್ಷಿಯ ಬಾಯಲ್ಲಿ ಅವನು ಚಂದ್ರು. ಅವನೂ ಪಿಚರ್. ಹೋದ ವರ್ಷವೂ ಅವರ ಮನೆಯಲ್ಲಿ ಒಬ್ಬನಿದ್ದನಂತೆ, ಎರಡೇ ತಿಂಗಳಿಗೆ ಹೋದನಂತೆ. ಯಾಕೆ ಹೋದ ಎಂದು ಪದ್ಮಿನಿ ಕೇಳಲಿಲ್ಲ. ಅಡುಗೆಯ ಖಾರ ತಡೆಯಲಾರದೆ ಹೋಗಿರಬೇಕು ಎಂದು ತಾನೇ ನಿರ್ಧರಿಸಿದಳು.

ಮೇಲಿನ ತಂಡದಲ್ಲಿ ಪಿಚರನ ಜಾಗ ಇರುವುದು ಒಂದೇ, ಆಸೆಗಣ್ಣಿಟ್ಟವರು ಇಬ್ಬರು ಎಂಬ ಸುದ್ದಿ ಮೇ ತಿಂಗಳಲ್ಲಿ ಹಬ್ಬಿತು. ಅಲ್ಲಿಂದ ಶನಿವಾರದ ಸಂಜೆಗಳು ತುಲನಾತ್ಮಕ ಅಧ್ಯಯನಕ್ಕೆ ಮೀಸಲಾದವು. ಗಂಡಸರು ಆಟ ಅಳೆದರು. ಸ್ಯಾಂಡರನ ಚೆಂಡಿಗೆ ಗುಂಡಿನ ವೇಗ, ಆದರೆ ಅದು ಎಲ್ಲಿಗೆ ಹೋಗುತ್ತದೆಂದು ಸ್ಯಾಂಡರನಿಗೂ ಗೊತ್ತಿಲ್ಲ. ರುಬೆನ್ ಒಂದು ಕೂದಲೆಳೆ ನಿಧಾನ, ಆದರೆ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರನ ಕೈಗವಸು ಎಲ್ಲಿದೆಯೋ ಅಲ್ಲಿಗೇ ಬಿತ್ತು ಅನ್ನಿ. ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವನಿಗೆ ಪುಕ್ಕಟೆಯಾಗಿ ಒಂದು ಬೇಸ್, ಅಂದರೆ ಓಟದ ಒಂದು ಘಟ್ಟ, ಬಿಟ್ಟುಕೊಡಬೇಕಾದ ಆಟ ಅದು. ಸ್ಯಾಂಡರ್ ಧಾರಾಳಿ, ಎದುರಾಳಿಗಳಿಗೆ ದಾನ ಮಾಡುತ್ತಲೇ ಇರುತ್ತಿದ್ದ.

ಹೆಂಗಸರ ಅಳತೆಗೋಲುಗಳು ಬೇರೆ.

"ನಮ್ ರುಬೆನ್ ತಟ್ಟೆ ತಾನೇ ತೊಳೆದಿಡ್ತಾನೆ."

"ನಮ್ಮಾಂವ ತೊಳ್ಯಾಂಗಿಲ್ರೀ. ನಾನ ತೊಳೀಲಿಕ್ಕೆ ಬಿಡಾಂಗಿಲ್ಲ."

"ರುಬೆನ್ ದಿನಾ ಅವರಜ್ಜಿಗೆ ಫೋನ್ ಮಾಡ್ತಾನೆ. ನಿನ್ನೆ ಬಿಸಿಬೇಳೆಬಾತ್ ವರ್ಣನೆ ಮಾಡ್ತಿದ್ದ."

"ಚಂದ್ರು ಮನೀಗೆ ಫೋನ್ ಮಾಡೋದ ಕಡಿಮಿ. ಅವರ ಮನ್ಯಾಗ ಮಧ್ಯಾಹ್ನ ಬ್ರೆಡ್ಡು, ರಾತ್ರಿ ಆಲೂಗಡ್ಡಿ. ಏನ್ ಮಾತಾಡ್ತಾನ್ರೀ ಪಾಪ?"

"ಆಟದಲ್ಲಿ ಮಾತ್ರ, ಬೇಜಾರ್ ಮಾಡ್ಕೋಬೇಡಿ ಜಲಜಾಕ್ಷಿಯವರೇ, ನಮ್ಮವನು ಒಂದ್ ಕೈ ಮುಂದೆ."

ಜಲಜಾಕ್ಷಿ ಬೇಜಾರು ಮಾಡಿಕೊಳ್ಳುತ್ತಲೇ ಇರಲಿಲ್ಲ. ರೊಟ್ಟಿಯ ಬುಟ್ಟಿ ಮುಂದಕ್ಕೆ ಸರಿಸಿ, ನಗುತ್ತ ಹೇಳುತ್ತಿದ್ದರು: "ಖರೇನ ಅದರೀ. ನಿಮ್ಮ ಹುಡುಗ ಭಾಳ ಶ್ಯಾಣ್ಯಾ. ನಮ್ಮಾಂವಗ ಗಡಿಬಿಡಿ ಇಲ್ಲ. ಇನ್ನೂ ಎರಡು ವರ್ಷ ಇಲ್ಲೇ ಕಲೀಲಿ."

"ನೋಡಿದ್ರಾ?" ಎಂದಳು ಪದ್ಮಿನಿ, ಸೈಕಲ್ಲಿನಲ್ಲಿ ಮನೆಗೆ ಬರುತ್ತ. "ಆಟ ಶುರುವಾಗೋಕ್ಮುಂಚೆನೇ ಸೋಲೊಪ್ಕೊಂಡ್ಬಿಟ್ರು." ಎದುರಾಳಿ ಹೀಗೆ ಸಲೀಸಾಗಿ ಶರಣಾದದ್ದು ಅವಳಿಗೆ ತುಸು ನಿರಾಸೆಯನ್ನೂ ತಂದಿತ್ತು. ಜಗಳವಿಲ್ಲದ ಗೆಲುವು ಉಪ್ಪಿಲ್ಲದ ಸಾರಿನ ಹಾಗೆ.

ಆದರೂ ಅವಳು ಪ್ರಚಾರ ನಿಲ್ಲಿಸಲಿಲ್ಲ. ಮರೈಕೆ ಸಿಕ್ಕಲ್ಲೆಲ್ಲ ರುಬೆನ್ ಪುರಾಣ. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಪಾಳಿಯ ಮೇಲೆ ಕಾಫಿ ಕೊಡುವ ಕೆಲಸ ಪೋಷಕರದು. ಪದ್ಮಿನಿ ತನ್ನ ಪಾಳಿಯ ದಿನ ಕಪ್ಪಿನ ಜೊತೆ ರುಬೆನ್ನಿನ ಗುಣಗಾನವನ್ನೂ ಹಂಚಿದಳು. ಎಳ್ಳೆಣ್ಣೆ ಮಾತ್ರ ಒಮ್ಮೆ ಕೈಕೊಟ್ಟಿತು. ಪಿಚರನ ಕೈಗೆ ಜಿಡ್ಡು ಹತ್ತಿರಬಾರದೆಂಬುದು ಆಟದ ಕಾನೂನಂತೆ. ಅಂಪೈರ್ ಅನುಮಾನದಿಂದ ರುಬೆನ್ನಿನ ಕೈ ಹಿಡಿದು ಮೂಸಿದ, ಮತ್ತೊಮ್ಮೆ ಮೂಸಿದ, ಆಮೇಲೆ ಕ್ಯಾಚರನನ್ನೂ ಕರೆದು ಮೂಸಿಸಿದ. ಸೋಪು ಹಚ್ಚಿ ತೊಳೆದು ಬರುವವರೆಗೆ ಪಂದ್ಯ ನಿಂತಿತು. ಪದ್ಮಿನಿ ಆಕಾಶ ನೋಡುತ್ತ ಕೂತಿದ್ದಳು.

ಜೂನ್ ತಿಂಗಳ ಒಂದು ಶನಿವಾರ ರಾಟರ್‌ಡ್ಯಾಮಿನ ಕೋಚ್ ಖುದ್ದಾಗಿ ಬಂದ. ವೇಗ ಅಳೆಯುವ ಯಂತ್ರ ಹಿಡಿದು ಬಲೆಯ ಹಿಂದೆ ಕುಳಿತ. ಈ ದೇಶದಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವುದು ವಾಡಿಕೆ. ಪದ್ಮಿನಿ ಕೋಡುಬಳೆಯ ಡಬ್ಬಿಯನ್ನೇ ಅವನ ತೊಡೆಯ ಮೇಲಿಟ್ಟು, ಮುಚ್ಚಳವನ್ನು ತನ್ನ ಚೀಲಕ್ಕೆ ಹಾಕಿಕೊಂಡು ಬಂದಳು. ಒಂದು ಕೈಯಲ್ಲಿ ಯಂತ್ರ, ಇನ್ನೊಂದು ಕೈಯಲ್ಲಿ ಕೋಡುಬಳೆ ಹಿಡಿದು ಕೋಚ್ ಕರ್ತವ್ಯನಿರತನಾದ.

ರುಬೆನ್ನಿಗೆ ಆ ಬೆಳಿಗ್ಗೆ ಅವಳು ಕೊಟ್ಟಿದ್ದು ರಾಗಿ ಗಂಜಿ, ಮಜ್ಜಿಗೆ, ಅಷ್ಟೆ. ಹೊಟ್ಟೆ ಹಗುರವಾಗಿರಬೇಕೆಂದು ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡಿದ್ದಳು. ಆ ತ್ಯಾಗದ ಬೆಲೆ ನಮ್ಮಂಥವರಿಗೆ ಗೊತ್ತಾಗುವಂಥದ್ದಲ್ಲ. ಹುಡುಗ ಎಸೆದ ಎಸೆತಕ್ಕೆ ಎದುರಾಳಿಗಳು ಗಾಳಿಯನ್ನೇ ಹೊಡೆದು ಹೊಡೆದು ವಾಪಸಾದರು. ಆಮೇಲೆ ಸ್ಯಾಂಡರ್ ಬಂದ. ಬಂದವನು ಮೊದಲು ಆಕಳಿಸಿದ. ಮೊದಲ ಚೆಂಡು ಬೇಲಿಗೆ. ಎರಡನೆಯದು ಮರೈಕೆಯ ಛತ್ರಿಗೆ. ಮೂರನೆಯದಕ್ಕೆ ಅಂಪೈರ್ ನೆಲಕ್ಕೆ ಬಿದ್ದುಕೊಂಡ.

"ಪಾಪ, ಇವತ್ತು ಹುಷಾರಿಲ್ವೇನೋ," ಎಂದು ಪದ್ಮಿನಿ ಜಲಜಾಕ್ಷಿಯ ಕೈ ಹಿಡಿದು ಸಂತಾಪ ಸೂಚಿಸಿದಳು. ಸಂತಾಪಕ್ಕಿಂತ ಸಂತೋಷವೇ ಹೆಚ್ಚಾಗಿ ಕಾಣುತ್ತಿತ್ತೆಂದು ದಿವಾಕರ ಆಮೇಲೆ ಹೇಳಿದ.

"ಹೂಂರೀ," ಎಂದರು ಜಲಜಾಕ್ಷಿ ಶಾಂತವಾಗಿ. "ರಾತ್ರಿ ಶೇಂಗಾ ಹೋಳಗಿ ಒಂದೆರಡು ಜಾಸ್ತಿ ತಿಂದಾನ."

ಸಂಜೆಯೊಳಗೆ ತೀರ್ಮಾನವಾಯಿತು: ರುಬೆನ್. ಮರೈಕೆ ಓಡಿ ಬಂದು ಮೊದಲು ರುಬೆನ್ನಿಗೆ, ಆಮೇಲೆ ಪದ್ಮಿನಿಗೆ, ದಿವಾಕರನಿಗೆ, ಕೊನೆಗೆ ಜಲಜಾಕ್ಷಿಗೂ ಕೈಕುಲುಕಿ ಅಭಿನಂದನೆ ಹೇಳಿದಳು. ಇಲ್ಲಿ ಹಾಗೇ, ಒಬ್ಬರ ಹುಟ್ಟುಹಬ್ಬಕ್ಕೆ ಮನೆಮಂದಿಗೆಲ್ಲ ಅಭಿನಂದನೆ ಸಲ್ಲುತ್ತದೆ. ಪದ್ಮಿನಿ ಹೆತ್ತತಾಯಿಯ ಗತ್ತಿನಲ್ಲಿ ಅದನ್ನು ಸ್ವೀಕರಿಸಿದಳು.

"ನಾಳೆ ಬೆಳಿಗ್ಗೆ ರಾಟರ್‌ಡ್ಯಾಮಿನ ಮನೆಯವರು ಕಾರು ತರ್ತಾರೆ," ಎಂದಳು ಮರೈಕೆ.

"ಯಾವ ಮನೆಯವರು?"

"ರುಬೆನ್ನನ್ನ ಇಟ್ಕೊಳ್ಳೋ ಮನೆಯವರು."

"ಸಂಜೆ ಎಷ್ಟು ಹೊತ್ತಿಗೆ ವಾಪಸ್ ಬರ್ತಾನೆ?"

ಮರೈಕೆ ಅವಳ ಮುಖವನ್ನೇ ನೋಡಿದಳು. ಪದ್ಮಿನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ದಿವಾಕರ ವಾರಕ್ಕೆರಡು ದಿನ ಉಟ್ರೆಕ್ಟಿನ ಆಫೀಸಿಗೆ ರೈಲಿನಲ್ಲಿ ಹೋಗಿ ರಾತ್ರಿ ಊಟದ ಹೊತ್ತಿಗೆ ಬರುತ್ತಾನೆ. ಮೇಲಿನ ತಂಡ ಎಂದರೆ ಮೇಲಿನ ಕ್ಲಾಸು. ಪಾಸಾದ ಹುಡುಗರು ಕ್ಲಾಸು ಬದಲಾಯಿಸುತ್ತಾರೆಯೇ ಹೊರತು ಮನೆಯನ್ನಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

"ರೈಲಿದೆಯಲ್ಲ?" ಎಂದಳು ಸಣ್ಣ ದನಿಯಲ್ಲಿ.

"ಮೇಲೆ ಹೋದವರು ಅಲ್ಲೇ ಇರ್ತಾರೆ, ಪದ್ಮಿನಿ. ನಾನು ಮೊದಲ ದಿನವೇ ಹೇಳಿದ್ದೆ. ನೀನು ತಲೆಯಾಡಿಸಿದ್ದೆ."

ಮಾರನೆಯ ಬೆಳಿಗ್ಗೆ ಪದ್ಮಿನಿ ಕಟ್ಟಿದ ಡಬ್ಬಿಗಳು ಕಾರಿನ ಡಿಕ್ಕಿಯಲ್ಲಿ ಹಿಡಿಸದೆ, ಎರಡನ್ನು ರುಬೆನ್ ತೊಡೆಯ ಮೇಲಿಟ್ಟುಕೊಳ್ಳಬೇಕಾಯಿತು. ಸಾರಿನ ಪುಡಿಯನ್ನು ಬಿಸಿನೀರಿಗೆ ಎಷ್ಟು ಹಾಕಬೇಕೆಂದು ಅವನಿಗೆ ಮೂರು ಬಾರಿ ಹೇಳಿದಳು. ಕೈ ಎತ್ತಿ ತೋರಿಸು ಎಂದು, ಎಡಗೈಯನ್ನು ಹಿಡಿದು ಉಗುರು ಬೆಳೆದಿದೆಯೇ ನೋಡಿದಳು. ಹುಡುಗ ಬಗ್ಗಿ ಅವಳನ್ನು ತಬ್ಬಿಕೊಂಡ. ಅವನ ಕಣ್ಣಿನಲ್ಲಿ ರಾಟರ್‌ಡ್ಯಾಮ್ ಮಿನುಗುತ್ತಿತ್ತು. ಹತ್ತೊಂಬತ್ತರ ಹುಡುಗನ ಕಣ್ಣಿನಲ್ಲಿ ಅದಿಲ್ಲದೆ ಇನ್ನೇನಿರಬೇಕು? ಬೇಡವೆಂದೇ ವಾದಿಸಿದ್ದ ದಿವಾಕರ ಕಾರು ಹೊರಟ ಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಆ ವಾರ ಮನೆಯಲ್ಲಿ ಮಾಡಿದ್ದೆಲ್ಲ ಉಳಿಯಿತು. ಪದ್ಮಿನಿ ಹೊರಗೆ ಹೊರಡಲೇ ಇಲ್ಲ. ಮಂಗನ ಟೋಪಿ ಬಿಟ್ಟುಹೋಗಿದ್ದಾನೆಯೇ ಎಂದು ಮೇಲಿನ ಕೋಣೆಯಲ್ಲಿ ಹುಡುಕಿದಳು; ಅದನ್ನೂ ತೆಗೆದುಕೊಂಡು ಹೋಗಿದ್ದ. ಅದರಿಂದ ಸಮಾಧಾನವಾಯಿತೋ ಸಂಕಟವಾಯಿತೋ ಅವಳಿಗೇ ತಿಳಿಯಲಿಲ್ಲ.

ಕೊನೆಗೆ ದುಃಖ ತೋಡಿಕೊಳ್ಳಲು ಜಲಜಾಕ್ಷಿಯ ಮನೆಗೆ ಹೋದಳು. ಅಲ್ಲಿ ಸೋತ ಅಭ್ಯರ್ಥಿ ಬನಿಯನ್ನಿನಲ್ಲಿ ಕೂತು, ಬಸವಲಿಂಗಪ್ಪನವರ ಪಕ್ಕದಲ್ಲಿ ಟೀವಿ ನೋಡುತ್ತ, ರೊಟ್ಟಿ ಮುರಿದು ಎಣ್ಣೆಗಾಯಿ ಪಲ್ಯಕ್ಕೆ ಅದ್ದುತ್ತಿದ್ದ.

"ಅವ್ವಾರ, ಇನ್ನೊಂದ್ ರೊಟ್ಟಿ ನೀಡ್ರಿ," ಎಂದ, ಹುಬ್ಬಳ್ಳಿಯ ಓಣಿಯಲ್ಲೇ ಬೆಳೆದವನಂತೆ.

ಪದ್ಮಿನಿಗೆ ಅಳು ತಡೆಯಲಾಗಲಿಲ್ಲ. ಜಲಜಾಕ್ಷಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ನಿಮಗ ಗೊತ್ತಿದ್ದ ಮಾಡ್ಲಿಕತ್ತೀರಿ ಅಂದ್ಕೊಂಡಿದ್ನೆಲ್ರೀ ನಾನು," ಎಂದರು. "ಹ್ವಾದ ವರ್ಷ ನನಗೂ ಹಿಂಗ ಆತು. ಹಾಲು, ಬದಾಮಿ, ಕಾಳು, ಏನೆಲ್ಲಾ ತಿನ್ನಿಸಿ ಹುಡುಗನ್ನ ತಯಾರ್ ಮಾಡಿದೆ. ಎರಡ ತಿಂಗಳಿಗೆ ಮ್ಯಾಲ ಹೋದ. ಆಮ್ಯಾಲ ನಾನು ಶ್ಯಾಣ್ಯಾಕಿ ಆದೆ."

"ಶ್ಯಾಣ್ಯಾಕಿ ಅಂದ್ರೆ?"

"ಮರುದಿನ ದೊಡ್ಡ ಮ್ಯಾಚ್ ಐತಿ ಅಂದ್ರ, ಹಿಂದಿನ ರಾತ್ರಿ ಹೋಳಗಿ. ಮ್ಯಾಲ ತುಪ್ಪ." ಜಲಜಾಕ್ಷಿ ದನಿ ಇಳಿಸಿದರು. "ಸಣ್ಣ ಮ್ಯಾಚಿಗೆ ಬರೇ ಚಪಾತಿ. ಅಲ್ಲಿ ಛಲೋ ಆಡ್ತಾನ. ತೀರಾ ಕೆಟ್ಟ ಆಡಿದ್ರ ಮನೀಗೆ ಕಳಿಸಿಬಿಡ್ತಾರ, ನೋಡ್ರಿ. ಅದನ್ನೂ ಲೆಕ್ಕ ಇಡಬೇಕು."

ಪದ್ಮಿನಿ ಬೆರಗಾಗಿ ಕೂತಳು. ಇಷ್ಟು ದಿನ ತಾನು ಯಾರನ್ನು ಸೋಲಿಸುತ್ತಿದ್ದೇನೆಂದು ಬೀಗುತ್ತಿದ್ದಳೋ ಆ ಹೆಂಗಸು ಆಟದಲ್ಲೇ ಇರಲಿಲ್ಲ. ಇನ್ನೊಂದು ಆಟವನ್ನು ಆಡಿ ಗೆದ್ದುಕೊಂಡು ಕೂತಿದ್ದರು. "ಪಾಪ ಅಲ್ವಾ ಜಲಜಾಕ್ಷಿಯವರೇ? ಅವನ ಭವಿಷ್ಯ..."

"ಪಾಪ ಐತ್ರಿ. ಇಲ್ಲ ಅನ್ನಾಂಗಿಲ್ಲ." ಜಲಜಾಕ್ಷಿ ಸೆರಗಿನಿಂದ ಕಟ್ಟೆ ಒರೆಸುತ್ತ ನಿಂತರು. "ಅವಂಗ ಹತ್ತೊಂಬತ್ತು. ಒಂದು ವರ್ಷ ತಡಾ ಆದ್ರ ಅವಂದೇನು ಹೋಕ್ಕೈತಿ? ನನಗ ಐವತ್ತಾತು."

ಪದ್ಮಿನಿ ಮನೆಗೆ ಬಂದವಳೇ ಮರೈಕೆಗೆ ಫೋನ್ ಮಾಡಿದಳು. ಇನ್ನೊಬ್ಬ ಹುಡುಗ ಬೇಕು. ಆಟ ಅಷ್ಟಾಗಿ ಬರದಿದ್ದರೂ ಚಿಂತೆಯಿಲ್ಲ. ಬರದಿದ್ದರೆ ಇನ್ನೂ ಒಳ್ಳೆಯದು. ಈ ಸಲ ಹಳೆಯ ತಪ್ಪು ಮಾಡುವ ಪ್ರಶ್ನೆಯೇ ಇರಲಿಲ್ಲ. ನಂದಿನಿಯೇನು, ಡಚ್ ಬೆಣ್ಣೆಯೇನು, ಕಾಯಿಸಿದರೆ ಎಲ್ಲ ತುಪ್ಪವೂ ಒಂದೇ.

ಜುಲೈ ತಿಂಗಳಲ್ಲಿ ಮರೈಕೆ ಉತ್ತರ ತಂದಳು. "ಕೋಚ್ ಕೇಳ್ತಿದ್ದ, ಆ ಮನೆಯಲ್ಲಿ ಏನು ಕೊಟ್ರು ಅಂತ. ರುಬೆನ್ ಅಷ್ಟು ಬೇಗ ತಯಾರಾದನಲ್ಲ! ಸ್ಯಾಂಡರನಿಗೆ ತೋಳಿದೆ, ಆದರೆ ಎಲ್ಲೋ ಏನೋ ಸರಿಯಾಗ್ತಿಲ್ಲ. ಕೆಲವು ವಾರ ಅವನೂ ನಿನ್ನ ಮನೆಯಲ್ಲಿರಲಿ."

"ಜಲಜಾಕ್ಷಿಯವರಿಗೆ?"

"ಅವರಿಗೆ ಹೇಳಿದ್ದೇನೆ. ಬೇರೆ ಹುಡುಗ ಬರೋದು ಮುಂದಿನ ವರ್ಷ."

ಮಾರನೆಯ ದಿನ ಜಲಜಾಕ್ಷಿಯೇ ಅವನನ್ನು ಕರೆತಂದರು. ಒಂದು ಕೈಯಲ್ಲಿ ಅವನ ಬೂಟುಗಳು, ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಒಳಗೆ ಬರಲಿಲ್ಲ. ಹುಡುಗ ಸೂಟ್‌ಕೇಸು ಹೊತ್ತು ಮೆಟ್ಟಿಲು ಹತ್ತುವವರೆಗೂ ನೋಡುತ್ತ ನಿಂತು, ಆಮೇಲೆ ಪದ್ಮಿನಿಯ ಕೈ ಹಿಡಿದರು.

"ಶನಿವಾರ ಮತ್ತ ಆ ಕೋಚ್ ಬರ್ತಾನಂತ. ಏನ್ ಮಾಡ್ಬೇಕು ನಿಮಗ ಗೊತ್ತೈತಿ."

"ಗೊತ್ತು."

"ಈ ಊರಾಗ ಇದ್ರ ಸಾಕ್ರಿ. ನಿಮ್ಮ ಮನ್ಯಾಗ ಇದ್ರೂ ಅಡ್ಡಿ ಇಲ್ಲ. ದಾರ್‍ಯಾಗ ಸೈಕಲ್ ಮ್ಯಾಲ ಹೊಂಟಾಗರ ನೋಡ್ತೀನಿ."

"ನನ್ನ ಮೇಲೆ ಬಿಡಿ," ಎಂದಳು ಪದ್ಮಿನಿ. ಹೇಳುವಾಗ ಅವಳಿಗೆ ತನ್ನ ಆಸೆ ಯಾವುದು, ಜಲಜಾಕ್ಷಿಯ ಆಸೆ ಯಾವುದು ಎಂದು ಬೇರೆ ಮಾಡಲಾಗಲಿಲ್ಲ.

ಶುಕ್ರವಾರ ಸಂಜೆ ಆ ಅಡುಗೆಮನೆಯಲ್ಲಿ ನಡೆದದ್ದು ಅಡುಗೆಯಲ್ಲ, ಯುದ್ಧಸಿದ್ಧತೆ. ಬಿಸಿಬೇಳೆಬಾತಿನ ಮೇಲೆ ತುಪ್ಪದ ಕೆರೆ. ಪಕ್ಕದಲ್ಲಿ ಬೋಂಡ. ಅದರಾಚೆ ಮೈಸೂರುಪಾಕು, ಬೆರಳು ತಾಗಿದರೆ ಕುಸಿಯುವಂಥದ್ದು. ದಿವಾಕರ ಒಮ್ಮೆ ಇಣುಕಿ ನೋಡಿ, ಬರೀ ವಾಸನೆಗೇ ತನಗೆ ಸಕ್ಕರೆ ಏರುತ್ತದೆಂದು ವಾಕಿಂಗಿಗೆ ಹೊರಟುಹೋದ. ಪದ್ಮಿನಿ ದೊಡ್ಡ ತಟ್ಟೆಯಿಟ್ಟು ಹುಡುಗನನ್ನು ಕರೆದಳು.

ಸ್ಯಾಂಡರ್ ಬಂದು ಕೂತ. ತಟ್ಟೆ ನೋಡಿದ. ಅವನ ಮುಖ ಚಿಕ್ಕದಾಯಿತು.

"ಆಂಟಿ," ಎಂದ ಇಂಗ್ಲಿಷಿನಲ್ಲಿ, ಮಾತುಗಳನ್ನು ಹುಡುಕುತ್ತ. "ನೀವು ಬೇಜಾರು ಮಾಡ್ಕೋಬಾರದು. ಇವತ್ತು ಇದು ಬೇಡ. ರುಬೆನ್ನಿಗೆ ಕೊಡ್ತಿದ್ದಿರಲ್ಲ, ಆ ಗಂಜಿ ಇದೆಯಾ?"

"ಯಾಕಪ್ಪಾ? ಸ್ವಲ್ಪ ತಿನ್ನು. ಒಂದೇ ತುತ್ತು."

"ಅವ್ವಾರು ಬಡಿಸಿದ್ರೆ ನನಗೆ ಬೇಡ ಅನ್ನೋಕಾಗಲ್ಲ. ನಾನು ತಿನ್ನೋದನ್ನ ಎದುರಿಗೆ ಕೂತು ನೋಡ್ತಾ ಇರ್ತಾರೆ." ಹುಡುಗ ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದ. "ಅದಕ್ಕೇ ಮರೈಕೆಯನ್ನ ನಾನೇ ಕೇಳಿಕೊಂಡೆ. ಅವ್ವಾರಿಗೆ ಹೇಳಬೇಡಿ. ಕ್ಲಬ್ಬಿನ ಹುಡುಗರೆಲ್ಲ ಹೇಳ್ತಾರೆ, ನಿಮ್ಮ ಮನೆಗೆ ಬಂದ್ರೆ ಬೇಗ ಹೊರಟುಹೋಗಬಹುದಂತೆ."

ಪದ್ಮಿನಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಊರಿಗೆ ಬಂದು ಇಷ್ಟು ವರ್ಷದಲ್ಲಿ ಅವಳ ಮನೆಗೆ ಒಂದು ಹೆಸರು ಬಂದಿತ್ತು, ಅದೂ ಇಂಥ ಹೆಸರು. ನಗಬೇಕೆನಿಸಿತು, ಆಗಲಿಲ್ಲ. ಒಂದೇ ಒಂದು ಮಾತು, ಒಂದು ಸ್ವಲ್ಪ ಬಲವಂತ, ಅಷ್ಟಾದರೆ ಹುಡುಗ ತಿಂದೇ ತಿನ್ನುತ್ತಿದ್ದ. ಇಲ್ಲವೆನ್ನಲು ಬಾರದವನೆಂದು ಅವನೇ ಹೇಳಿಕೊಂಡಿದ್ದಾನೆ. ತಿಂದರೆ ನಾಳೆ ಆಕಳಿಸುತ್ತಾನೆ. ಆಕಳಿಸಿದರೆ ಉಳಿಯುತ್ತಾನೆ. ಅವಳಿಗೆ ಅವನು ಉಳಿಯಬೇಕಾಗಿತ್ತು.

ಅವಳು ತಟ್ಟೆ ಎತ್ತಿದಳು. ಬಾತು ಪಾತ್ರೆಗೆ ಹೋಯಿತು. ಒಲೆಯ ಮೇಲೆ ನೀರಿಟ್ಟು, ರಾಗಿ ಹಿಟ್ಟನ್ನು ಗಂಟಿಲ್ಲದಂತೆ ಕದಡಿ, ಉಪ್ಪು ಹಾಕಿದಳು. ಗಂಜಿ ಕುದಿಯುತ್ತಿರುವಾಗಲೇ ಫೋನ್ ಬಂತು, ಜಲಜಾಕ್ಷಿಯದು.

"ಉಂಡನೇನ್ರೀ ಹುಡುಗ?"

ಪದ್ಮಿನಿ ಮೇಜಿನ ಕಡೆ ನೋಡಿದಳು. ಹುಡುಗ ಬಟ್ಟಲಿಗಾಗಿ ಕಾಯುತ್ತ, ಬಲಗೈಯನ್ನು ಮೆಲ್ಲಗೆ ಮಡಿಸಿ ಬಿಚ್ಚಿ ಮಾಡುತ್ತಿದ್ದ.

"ಉಂಡ ಜಲಜಾಕ್ಷಿಯವರೇ," ಎಂದಳು. "ಹೊಟ್ಟೆ ತುಂಬಾ ಉಂಡ. ಮೈಸೂರುಪಾಕು ಎರಡು ಸಲ ಹಾಕಿಸ್ಕೊಂಡ. ಆಗ್ಲೇ ಕಣ್ಣು ಎಳೀತಿದೆ ಅವನಿಗೆ."

ಆ ಕಡೆಯಿಂದ ಜಲಜಾಕ್ಷಿ, ಎದೆಯ ಮೇಲಿನ ಭಾರ ಇಳಿಸಿದವರ ಹಾಗೆ ಉಸಿರು ಬಿಟ್ಟು ಹೇಳಿದರು: "ಹಂಗಾರ ನಾಳೆ ನಾ ಆರಾಮಾಗಿ ಮ್ಯಾಚ್ ನೋಡ್ತೀನ್ರಿ. ನನಗೂ ನಿಮ್ಮ ಬಾಜೂಕ ಒಂದು ಕುರ್ಚಿ ಹಿಡೀರಿ."

"ಹಿಡೀತೀನಿ," ಎಂದಳು ಪದ್ಮಿನಿ. ಫೋನಿಟ್ಟು, ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಆರಲೆಂದು ಊದುತ್ತ ಹುಡುಗನ ಮುಂದೆ ತಂದಿಟ್ಟಳು.